ಟಿಸಿ ಇಲ್ಲದ ಇನ್ವರ್ಟರ್

ಹೊಸ ಯಂತ್ರ ಹೊತ್ತು ಊರೂರು ತಿರುಗುವವರಿಗೆ ನಗೆಪಾಟಲು ತಪ್ಪಿದ್ದಲ್ಲ. ನಮ್ಮ ಮೇಡಂ ಬಿಸಿಲಿನ ಕರೆಂಟನ್ನು ಟ್ರಾನ್ಸ್‌ಫಾರ್ಮರ್ ಇಲ್ಲದೆಯೇ ಬೀದಿಯ ಲೈನಿಗೆ ಸೇರಿಸುವ ಇನ್ವರ್ಟರ್ ಒಂದನ್ನು ವಿನ್ಯಾಸ ಮಾಡಿದ್ದರು. ನಾನು ಅವರ ಕೈಕೆಳಗಿನ ಇಂಜಿನಿಯರ್. ಜಾವಗಲ್‌ನ ಹಿಟ್ಟಿನ ಗಿರಣಿಯೊಂದರಲ್ಲಿ ಅದನ್ನು ಹಾಕಿ ತೋರಿಸಬೇಕಿತ್ತು. ಗಿರಣಿ ಯಜಮಾನರು ಬೇಡ ಅಂದರೆ ಮೇಡಂ ಅವರ ಇಷ್ಟು ದಿನದ ದುಡಿಮೆಯನ್ನು ಕಂಪನಿ ಮೂಲೆಗೆ ಎಸೆಯುತ್ತಿತ್ತು.

ರೈಲಿನಲ್ಲಿ

ನಮ್ಮ ಕಡೆ ಟ್ರಾನ್ಸ್‌ಫಾರ್ಮರಿಗೆ ಟಿಸಿ ಅನ್ನುವುದು ರೂಢಿ. ರೈಲಿನಲ್ಲಿ ಅರಸೀಕೆರೆಗೆ ಬರುವಾಗ ಮೇಡಂ ಗಿರಣಿ ಯಜಮಾನರಿಗೆ ಫೋನಿನಲ್ಲಿ ಹೇಳುತ್ತಿದ್ದರು.

"ಟಿಸಿ ಯಾಕ್ರೀ ಬೇಕು? ದಂಡ. ಸುಮ್ನೆ ಜಾಗ ತಿನ್ನುತ್ತೆ, ಬಿಸಿ ಆಗುತ್ತೆ. ನಾನಂತೂ ಕಿತ್ತು ಬಿಸಾಕಿದೀನಿ."

ತಲೆಯೆತ್ತಿದರೆ ಎದುರಿಗೆ ಕಪ್ಪು ಕೋಟಿನ ಟಿಸಿ.

"ಕಿತ್ತು ಬಿಸಾಕೋದು ಆಮೇಲಿರ್ಲಿ ಮೇಡಂ, ಮೊದ್ಲು ಟಿಕೆಟ್ ತೋರ್ಸಿ" ಅಂದರು.

ಕಂಬದ ಮುಂದೆ

ಮೇಡಂ ಯಂತ್ರದ ಒಳಗುಟ್ಟು ಮಲ್ಟಿಲೆವೆಲ್, ಅಂದರೆ ಕರೆಂಟಿನ ಅಲೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟುವುದು. ಅದು ಕಾಲೇಜಿನಲ್ಲಿ ನನ್ನ ತಲೆಗೆ ಹತ್ತಿರಲಿಲ್ಲ. ಜಾವಗಲ್‌ಗೆ ಮೊದಲು ಒಂದು ಸುತ್ತು ಹಾಕಿ ಬೇಲೂರು ದೇವಸ್ಥಾನಕ್ಕೆ ಹೋದಾಗ ಮೇಡಂ ಒಂದು ಕಂಬ ತೋರಿಸಿದರು.

"ಚೌಕದ ಕಲ್ಲಿಗೆ ಮೂಲೆ ಕಡಿದ್ರೆ ಎಂಟು ಮುಖ, ಮತ್ತೆ ಕಡಿದ್ರೆ ಹದಿನಾರು. ಹಾಗೇ ಹೋದ್ರೆ ಗುಂಡಗಾಗುತ್ತೆ. ನಮ್ಮ ಇನ್ವರ್ಟರಿನ ಕರೆಂಟಿನ ಅಲೆಯೂ ಅಷ್ಟೇ ಕಣೋ. ಮೆಟ್ಟಿಲು ಹೆಚ್ಚಿದಷ್ಟೂ ನುಣುಪು."

ಅಲ್ಲೇ ಅರ್ಥವಾಗಿಬಿಟ್ಟಿತು. ಇಂಥ ಮೇಷ್ಟ್ರು ಸಿಗೋದು ಪುಣ್ಯ ಅನ್ನಿಸಿತು.

ಪಕ್ಕದಲ್ಲಿದ್ದ ಗೈಡ್ ಕೂಡ ಕಿವಿಗೊಟ್ಟಿದ್ದಿರಬೇಕು. ನಾವು ಪ್ರದಕ್ಷಿಣೆ ಮುಗಿಸಿ ಬರುವಷ್ಟರಲ್ಲಿ ಪ್ರವಾಸಿಗಳಿಗೆ ಹೇಳುತ್ತಿದ್ದ.

"ಹೊಯ್ಸಳರ ಕಾಲದಲ್ಲೇ ಇಲ್ಲಿ ಇನ್ವರ್ಟರ್ ಇತ್ತು ಸಾರ್."

"ಆಗ ಕರೆಂಟೇ ಇರ್ಲಿಲ್ವಲ್ಲಪ್ಪಾ?" ಅಂದರು ಒಬ್ಬರು.

"ಅದಕ್ಕೇ ಅಲ್ವಾ ಸಾರ್ ಇನ್ವರ್ಟರ್ ಇಟ್ಕೊಂಡಿದ್ದು?"

ಗಿರಣಿಯ ತಾರಸಿ ಮೇಲೆ

ಜಾವಗಲ್‌ನಲ್ಲಿ ಯಂತ್ರ ಹಾಕಿದೆವು. ಯಜಮಾನರಿಗೆ ಎರಡು ಅನುಮಾನ. "ಟಿಸಿ ಇಲ್ದಿದ್ರೆ ಶಾಕ್ ಹೊಡೀತೈತೆ. ಕರೆಂಟೂ ಕಮ್ಮಿ ಬತ್ತೈತೆ."

ಶಾಕ್ ಹೊಡೆಯದ ಹಾಗೆ ಮಾಡುವುದಕ್ಕೇ ಮೇಡಂ ನಿದ್ದೆಗೆಟ್ಟಿದ್ದರು. ತಾರಸಿಯ ಸೋಲಾರ್ ಪ್ಯಾನೆಲ್ಲಿನ ಚೌಕಟ್ಟಿನ ಮೇಲೆ ಅಂಗೈ ಊರಿ ತೋರಿಸಿದರು.

"ನಿಮ್ಗೆ ಅಭ್ಯಾಸ ಆಗಿರ್ತೈತೆ" ಅಂದರು ಯಜಮಾನರು. ನಾನು ಮುಟ್ಟಿದೆ. "ಇವ್ರು ಸಂಬಳಕ್ಕೆ ಮುಟ್ತಾರೆ."

ಮಾರನೆಯ ದಿನ ಸುಡುಬಿಸಿಲು, ಆದರೆ ಕರೆಂಟು ಅರ್ಧವೂ ಬರುತ್ತಿಲ್ಲ. "ಬಿಚ್ಕೊಂಡು ಹೋಗ್ರಿ" ಅಂದುಬಿಟ್ಟರು ಯಜಮಾನರು. ನಾನು ಬಿಚ್ಚಲು ಸ್ಪ್ಯಾನರ್ ಎತ್ತಿಕೊಂಡೆ. ಮೇಡಂ ಮಾತ್ರ ಒಂದೊಂದೇ ವೈರು ನೋಡಿ, ಯಂತ್ರದಲ್ಲಿ ಏನೂ ತಪ್ಪಿಲ್ಲ ಎಂದು ತಾರಸಿ ಹತ್ತಿದರು. ಆ ಧೈರ್ಯಕ್ಕೆ ಕೈಮುಗಿಯಬೇಕು.

ಮೇಲೆ ನೋಡಿದರೆ ಯಜಮಾನರ ಹೆಂಡತಿ ಪ್ಯಾನೆಲ್ಲುಗಳ ಮೇಲೆ ಒದ್ದೆ ಸೀರೆ ಹರವಿ, ಒದ್ದೆ ಕೈಯಲ್ಲೇ ಅಂಚನ್ನು ಚೌಕಟ್ಟಿಗೆ ಸಿಕ್ಕಿಸುತ್ತಿದ್ದರು.

"ಅಮ್ಮಾ, ಯಾವಾಗಿಂದ ಹಾಕ್ತಿದೀರಿ?"

"ಬೆಳಿಗ್ಗೆಯಿಂದ. ಶಾಕ್ ಹೊಡೆಯಲ್ಲ ಅಂತ ನಿನ್ನೆ ನೀವೇ ಅಂದ್ರಲ್ಲವ್ವಾ. ಚೆನ್ನಾಗಿ ಒಣಗ್ತೈತೆ."

ಸೀರೆಗಳನ್ನು ತೆಗೆದದ್ದೇ ತಡ, ಕರೆಂಟು ಪೂರ್ತಿ ಬಂತು. ಯಜಮಾನರ ಎರಡು ಅನುಮಾನವೂ ಒಟ್ಟಿಗೇ ತೀರಿದವು. ಅವರು ಮೀಟರನ್ನೂ ಹೆಂಡತಿಯನ್ನೂ ಒಮ್ಮೆ ನೋಡಿ ಮೇಡಂ ಕಡೆ ತಿರುಗಿದರು.

"ಒಪ್ದೆ ಮೇಡಂ, ಮಿಷಿನ್ ಇಲ್ಲೇ ಇರ್ಲಿ. ಆದ್ರೆ ಇವಳ್ಗೆ ಅಂತ ಕರೆಂಟ್ ಬರ್ದೇ ಇರೋ ಪ್ಯಾನೆಲ್ಲು ಒಂದೆರಡು ಹಾಕ್ಕೊಡಿ."