ಕರುಳು ಕೊಯ್ಸಿಕೊಂಡವರು ಹಂಡೆ ಎತ್ತುವ ಕುರಿತು

ಪಾತ್ರೆ ಮತ್ತು ಪರಿಚಾರಕರ ಇಲಾಖೆ
ಪುತ್ತೂರು–ಸುಳ್ಯ–ಕಡಬ ಜಂಟಿ ಉಪವಿಭಾಗ

ಸಂಖ್ಯೆ: ಪಾಪಇ/ಹಂಡೆ/ಕರುಳು/61/2024-25 (ತಿದ್ದಿದ್ದು, ಮತ್ತೆ ತಿದ್ದಿದ್ದು)

ವಿಷಯ: ಶಸ್ತ್ರಚಿಕಿತ್ಸೆಯಿಂದ ಮರಳಿದ ಅಡುಗೆ ಸಿಬ್ಬಂದಿಯ ಬಲವನ್ನು ತೂಕದಿಂದ ನಿರ್ಧರಿಸುವ ಬಗ್ಗೆ, ಹಾಗೆ ನಿರ್ಧರಿಸಲು ಹೋಗಿ ಆದದ್ದರ ಬಗ್ಗೆ.

ಉಲ್ಲೇಖ: 1. ಸುಳ್ಯ ವಿದ್ಯಾರ್ಥಿನಿಲಯದ ಅಡುಗೆಯವರಾದ ಅಜ್ಜಾವರದ ಶ್ರೀಮತಿ ಸೇವಂತಿ ಇವರ ಮನವಿ.
2. ಅದೇ ಮನವಿ, ಎರಡನೆಯ ಸಲ.
3. ಅದೇ ಮನವಿ, ಏರಿದ ದನಿಯಲ್ಲಿ.

ಪ್ರಸ್ತಾವನೆ:

ಸದರಿ ಸೇವಂತಿಯವರು ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಒಂದು ಗೇಣು ಕರುಳನ್ನು ಆಸ್ಪತ್ರೆಯಲ್ಲೇ ಬಿಟ್ಟು, ಆರು ವಾರಕ್ಕೆ ಕೆಲಸಕ್ಕೆ ಹಾಜರಾಗಿ, ಮೂರು ತಿಂಗಳು ಕುಳಿತು ಮಾಡುವ ಕೆಲಸ ಕೋರಿರುತ್ತಾರೆ. ಲಗತ್ತಿಸಿದ ಡಾಕ್ಟರರ ಚೀಟಿಯಲ್ಲಿ, "ತೂಕ ಮೊದಲಿನಷ್ಟೇ ಇದ್ದರೂ ಸ್ಕ್ಯಾನಿನಲ್ಲಿ ಸ್ನಾಯು ಕರಗಿ ಕೊಬ್ಬು ಏರಿರುವುದು ಕಾಣುತ್ತದೆ, ಸ್ನಾಯು ಮರಳುವವರೆಗೆ ಭಾರ ಎತ್ತಬಾರದು" ಎಂದಿರುತ್ತದೆ. ಇಲಾಖೆಯು ಈ ವಾಕ್ಯದಲ್ಲಿ "ತೂಕ ಮೊದಲಿನಷ್ಟೇ" ಎಂಬಲ್ಲಿಯವರೆಗೆ ಓದಿ ತೃಪ್ತಿ ಹೊಂದಿತು. ಸೋಮವಾರ ಮೂವತ್ತು ಕಿಲೋದ ಅನ್ನದ ಹಂಡೆಯನ್ನು ಒಲೆಯಿಂದ ಇಳಿಸದಿದ್ದಲ್ಲಿ ಅವರ ಹೆಸರನ್ನು ಸಿಬ್ಬಂದಿ ಪಟ್ಟಿಯಿಂದ ಇಳಿಸುವುದೆಂದು ತೀರ್ಮಾನಿಸಿ, ಕೆಳಕಂಡ 1ರಿಂದ 5ರವರೆಗಿನ ನಿಯಮಗಳನ್ನು ಜಾರಿಗೊಳಿಸಲಾಗಿತ್ತು; ಉಳಿದವು ತಿದ್ದುವಾಗ ಸೇರಿದವು.

1. ತೂಕ ಇಳಿಯದವರನ್ನು ರೋಗಿಯೆಂದು ಪರಿಗಣಿಸತಕ್ಕದ್ದಲ್ಲ.

2. ಇಲಾಖೆಯಲ್ಲಿ ಮನುಷ್ಯರ ತಕ್ಕಡಿ ಇಲ್ಲದ ಕಾರಣ, ತೂಕವನ್ನು ಜಾಲ್ಸೂರಿನ ಅಡಿಕೆ ಅಂಗಡಿಯಲ್ಲಿ ಮಾಡಿಸತಕ್ಕದ್ದು. ಸೇವಂತಿಯವರು ಅರುವತ್ತೆರಡು ಕಿಲೋ ತೂಗಿದರು. ಅಂಗಡಿಯವರು ಅಭ್ಯಾಸಬಲದಿಂದ ಗೋಣಿಚೀಲದ ಬಾಬ್ತು ಒಂದು ಕಿಲೋ ಕಳೆದು ಅರುವತ್ತೊಂದು ಎಂದು ಬರೆದರು. "ನಾನು ಗೋಣಿಯಲ್ಲಿ ಬಂದದ್ದಲ್ಲ ಮಾರಾಯ್ರೆ, ಸೀರೆ ಉಟ್ಟು ಬಸ್ಸಲ್ಲಿ ಬಂದದ್ದು" ಎಂಬ ಅವರ ಆಕ್ಷೇಪಣೆಯನ್ನು ಅಂಗಡಿಯವರು "ಎಲ್ಲರಿಗೂ ಕಳೆಯುದು ಅಕ್ಕ, ನಿಮಗೊಬ್ಬರಿಗೆ ಬೇರೆ ನಿಯಮ ಉಂಟಾ?" ಎಂದು ವಿಲೇವಾರಿ ಮಾಡಿರುತ್ತಾರೆ. ಶಸ್ತ್ರಚಿಕಿತ್ಸೆಯ ಮುಂಚಿನ ತೂಕವೂ ಅರುವತ್ತೊಂದೇ ಆಗಿದ್ದುದರಿಂದ ದೇಹದಲ್ಲಿ ಏನೂ ಕೊರತೆಯಾಗಿಲ್ಲವೆಂದು ದೃಢಪಟ್ಟಿದೆ.

3. ಗೇಣುದ್ದ ಕರುಳು ಹೋದರೂ ತೂಕ ಹೋಗದಿರುವ ಬಗ್ಗೆ ನೌಕರರಿಂದ ಸಮಜಾಯಿಷಿ ಪಡೆಯತಕ್ಕದ್ದು. (ಪಡೆಯಲಾಗಿದೆ: "ಕರಗಿದ್ದು ಸ್ನಾಯು, ತುಂಬಿದ್ದು ಕೊಬ್ಬು. ತಕ್ಕಡಿಗೆ ಎರಡೂ ಒಂದೇ. ನಿಮಗೂ ಒಂದೇಯಾ?" ಸಮಜಾಯಿಷಿಯು ಪ್ರಶ್ನೆಯ ರೂಪದಲ್ಲಿರುವುದರಿಂದ ತಿರಸ್ಕರಿಸಲಾಗಿದೆ.)

4. ಸ್ನಾಯು ಬೆಳೆಯಲು ದಿನಕ್ಕೆರಡು ಮೊಟ್ಟೆ ತಿನ್ನಬೇಕೆಂಬ ಡಾಕ್ಟರರ ಸಲಹೆಯನ್ನು ಪಾಲಿಸುವವರು, ಮನೆಯ ಮೊಟ್ಟೆಯನ್ನೂ ಕರ್ತವ್ಯದ ಅವಧಿಯಲ್ಲಿ ತಿನ್ನತಕ್ಕದ್ದಲ್ಲ. ನಿಲಯದ ಮೊಟ್ಟೆಗೂ ಮನೆಯ ಮೊಟ್ಟೆಗೂ ಸಿಪ್ಪೆ ಸುಲಿದ ಮೇಲೆ ವ್ಯತ್ಯಾಸ ತಿಳಿಯುವುದಿಲ್ಲ.

5. ತೂಕವಿರುವಲ್ಲಿ ಬಲವಿದೆ. ಆದುದರಿಂದ ಅರುವತ್ತೊಂದು ಕಿಲೋದವರು ಒಂದು ಹಂಡೆ ಎತ್ತತಕ್ಕದ್ದು. ಹೆಚ್ಚು ತೂಗುವವರು ಅದೇ ಅನುಪಾತದಲ್ಲಿ.

6. ಸೋಮವಾರದ ತಪಾಸಣೆಯ ವರದಿ: ಉಪ ನಿಯಂತ್ರಕರಾದ (ಹಂಡೆ) ಶ್ರೀ ಸಂಪ್ರೀತ್ ಅವರು ಅಡುಗೆಮನೆಗೆ ಭೇಟಿಯಿತ್ತು ಹಂಡೆ ಇಳಿಸುವಂತೆ ಆದೇಶಿಸಿದರು. ಸೇವಂತಿಯವರು ಇಳಿಸದೆ, ನಿಯಮ 5ನ್ನು ಗಟ್ಟಿಯಾಗಿ ಓದಿ, "ಸರ್, ನೀವು ತೊಂಬತ್ತೆರಡು ಕಿಲೋ ಅಂತ ನೀವೇ ಹೇಳುದುಂಟು. ಲೆಕ್ಕಕ್ಕೆ ಒಂದೂವರೆ ಹಂಡೆ ಆಯ್ತು. ಒಂದೂವರೆ ಬೇಡ, ಒಂದೇ ಎತ್ತಿ. ನಾನು ನೋಡಿ ಕಲಿತೇನೆ" ಎಂದರು. ಸಹ ಅಡುಗೆಯವರಾದ ಶ್ರೀಮತಿ ಕೌಸಲ್ಯಾ ಅವರು ಹಂಡೆಯ ಕಿವಿಗೆ ಹಿಡಿಬಟ್ಟೆ ಇಟ್ಟುಕೊಟ್ಟು, "ಬಿಸಿ ಉಂಟು ಸರ್, ಜಾಗ್ರತೆ. ಹೊಟ್ಟೆ ಕೊಯ್ಸಿದವರೂ ಎತ್ತಬೇಕಂತೆ, ಕೊಯ್ಸದವರಿಗೆ ಎಂತ ಕಷ್ಟ?" ಎಂದು ಸಹಕರಿಸಿದರು. ಉಪ ನಿಯಂತ್ರಕರು ಬಗ್ಗಿ ಹಿಡಿದರು. ಹಂಡೆ ಏಳಲಿಲ್ಲ. ಬಗ್ಗಿದಲ್ಲಿಂದ ಅವರೂ ಏಳಲಿಲ್ಲ.

7. ಸದರಿ ಅಧಿಕಾರಿಗೆ ಬೆನ್ನುನೋವಿನ ನಿಮಿತ್ತ ಮೂರು ತಿಂಗಳು ಕುಳಿತು ಮಾಡುವ ಕೆಲಸವನ್ನು ಅಂದೇ ಮಧ್ಯಾಹ್ನ, ತೂಕ ನೋಡದೆ, ಸ್ಕ್ಯಾನ್ ಕೇಳದೆ ಮಂಜೂರು ಮಾಡಲಾಯಿತು. ಅವರು ಮೊದಲೂ ಕುಳಿತೇ ಕೆಲಸ ಮಾಡುತ್ತಿದ್ದುದನ್ನು ಪರಿಗಣಿಸಿರುವುದಿಲ್ಲ.

8. ಸೇವಂತಿಯವರು ಮರುದಿನ ಆ ಆದೇಶವನ್ನೇ ಪದಶಃ ನಕಲಿಸಿ, "ಬೆನ್ನು" ಇದ್ದಲ್ಲಿ "ಹೊಟ್ಟೆ" ಎಂದು ಬರೆದು, ಕೆಳಗೆ ಮೂರೂ ತಾಲೂಕಿನ ನಲವತ್ತು ಅಡುಗೆಯವರ ಸಹಿ ಹಾಕಿಸಿ ಸಲ್ಲಿಸಿರುತ್ತಾರೆ. ಇದನ್ನು ತಿರಸ್ಕರಿಸಬೇಕಾದರೆ ಉಪ ನಿಯಂತ್ರಕರನ್ನೂ ಜಾಲ್ಸೂರಿಗೆ ಒಯ್ದು ತೂಗಬೇಕಾಗುತ್ತದೆಂದು ಕಾನೂನು ಶಾಖೆ ಅಭಿಪ್ರಾಯಪಟ್ಟಿದೆ. ಆ ಮುಜುಗರವನ್ನು ತಪ್ಪಿಸುವ ಏಕೈಕ ಉದ್ದೇಶದಿಂದ, ಕರುಣೆಯಿಂದ ಎಳ್ಳಷ್ಟೂ ಅಲ್ಲದೆ, ಅವರಿಗೆ ಮೂರು ತಿಂಗಳು ಕಾಳು ಆರಿಸುವ ಹಾಗೂ ತರಕಾರಿ ಹೆಚ್ಚುವ ಕೆಲಸ ನೀಡಲಾಗಿದೆ. ನಿಯಮ 1ರಿಂದ 5 ರದ್ದು.

ಸಹಿ/-
ಉಪ ನಿಯಂತ್ರಕರ (ಹಂಡೆ) ಪರವಾಗಿ
(ಅವರು ಮಲಗಿರುವುದರಿಂದ)

ಪ್ರತಿಗಳು:
1. ಅಡಿಕೆ ಅಂಗಡಿ, ಜಾಲ್ಸೂರು: ಮನುಷ್ಯರಿಗೆ ಚೀಲ ಕಳೆಯದಂತೆ ಕೋರಿಕೆ.
2. ಕಡಬ ಮತ್ತು ಪುತ್ತೂರಿನ ಎಲ್ಲ ಅಡುಗೆಮನೆಗಳು: ಓದಿ ನಗದಿರುವ ಷರತ್ತಿನ ಮೇಲೆ.
3. ಶ್ರೀಮತಿ ಸೇವಂತಿ, ಅಜ್ಜಾವರ: ಮುದ್ದಾಂ ತಲುಪಿಸಲು ಹೋದ ಜವಾನರ ವರದಿಯಂತೆ, ಅವರು ಮನೆಯಲ್ಲಿರಲಿಲ್ಲ, ಬೆಳಗಿನ ನಡಿಗೆಗೆ ಹೋಗಿದ್ದರು. ಜವಾನರು ಹಿಂದೆಯೇ ಹೋದರೂ ಹಿಡಿಯಲಾಗಲಿಲ್ಲ.