ಬಿಸಿನೀರಿನ ಕುಂಡಕ್ಕೆ ಕಟ್ಟಿಗೆ ಒಯ್ದ ದೊಡ್ಡಪ್ಪ

ನಮ್ಮ ಮನೆಯಲ್ಲಿ ಯಾರೂ ಬಿ.ಎ. ಆಗುವುದು ಶಕ್ಯವೇ ಇಲ್ಲ ಎಂದು ಹುಮನಾಬಾದಿನ ಪೇಟೆಯಲ್ಲಿ ನಿಂತು ಸಾರಿದವರು ನಮ್ಮ ಹಗೆಗಳಲ್ಲ, ನನ್ನ ಸ್ವಂತ ದೊಡ್ಡಪ್ಪ! ನಾನು ಸಿಟ್ಟು ಮಾಡಲಿಲ್ಲ. ಕೈಗೆ ಸಿಗುವಂತಿದ್ದರೆ ಸೂರ್ಯನನ್ನೂ ಒಮ್ಮೆ ಮುಟ್ಟಿ, "ಹೌದು, ಬಿಸಿ ಅದ" ಎಂದ ಮೇಲೆಯೇ ಬಿಸಿಲನ್ನು ನಂಬುವ ಮನುಷ್ಯ ಅವರು. ಇನ್ನೂ ಆಗದ ನನ್ನ ಬಿ.ಎ.ಯನ್ನು ಹೇಗೆ ನಂಬಿಯಾರು?

ನಾನು ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡರು. ಸಾಕಿದವರು ಅಪ್ಪನ ಅಣ್ಣನಾದ ಈ ದೊಡ್ಡಪ್ಪನೇ. ಹೈದರಾಬಾದಿನ ಕಾಲೇಜಿನಲ್ಲಿ ಉರ್ದುವಿನಲ್ಲಿ ಪಾಠ ಕೇಳಿ, ತಿಣುಕಿ ತಿಣುಕಿ ಕೊನೆಯ ವರ್ಷದ ಹೊಸ್ತಿಲಿಗೆ ಬಂದಿದ್ದೆ. ಬೇಸಿಗೆ ರಜೆಗೆ ಊರಿಗೆ ಬಂದಾಗ ಅವರು ತೀರ್ಪು ಕೊಟ್ಟರು.

"ಸಾಕಿನ್ನ. ಬೆಲ್ಲದ ಅಂಗಡ್ಯಾಗ ಕೂಡು. ಓದೂದಂದ್ರ ಏನೋ? ಕಾಗದದ ಮ್ಯಾಲ ಇರವಿ ಹರದಂಗಿರೋ ಅಕ್ಷರ ನೋಡಿ ಬಾಯಿಗೆ ಬಂದದ್ದು ಹೇಳೂದು. ಖರೇನೋ ಸುಳ್ಳೋ, ಯಾರು ನೋಡ್ಯಾರ?"

ಅಷ್ಟರಲ್ಲಿ ದೊಡ್ಡಪ್ಪನ ಮೊಣಕಾಲು ನನ್ನ ಸಹಾಯಕ್ಕೆ ಬಂತು. ಮೂರು ತಿಂಗಳಿಂದ ಅದು ಮಡಚಿದರೆ ಬಿಚ್ಚುತ್ತಿರಲಿಲ್ಲ. ಹಕೀಮರು, ಮರಾಠಿ ಸೀಮೆಯಲ್ಲಿ ನೆಲದಿಂದಲೇ ಉಕ್ಕುವ ಗಂಧಕದ ಬಿಸಿನೀರಿನ ಕುಂಡದಲ್ಲಿ ಹನ್ನೊಂದು ದಿನ ಮೀಯಿರಿ ಎಂದರು. ಜೊತೆಗೆ ನಾನು ಹೊರಟೆ. ಹನ್ನೊಂದು ದಿನದಲ್ಲಿ ಅವರನ್ನು ಒಪ್ಪಿಸಬೇಕು. ಇಲ್ಲವಾದರೆ ನನ್ನ ಬಿ.ಎ. ಬೆಲ್ಲದ ಪೆಂಟಿಯ ಕೆಳಗೆ ಸಮಾಧಿ!

ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಲಿಯ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಮರ್ಯಾದೆಯ ಮಾತು. ಏರು ಬಂದಲ್ಲೆಲ್ಲ ನಾವೇ ಇಳಿದು ನೂಕುತ್ತಿದ್ದೆವು. ದೊಡ್ಡಪ್ಪ ಮಾತ್ರ ಇಳಿಯದೆ ಒಂದು ದೊಡ್ಡ ಕಟ್ಟಿಗೆ ಹೊರೆಯನ್ನು ಅಪ್ಪಿಕೊಂಡು ಕೂತಿದ್ದರು. ಕ್ಲೀನರ್ ಕೇಳಿಯೇ ಬಿಟ್ಟ.

"ಎಲ್ಲಿಗಿ ಹೊಂಟೀರಿ ಯಜಮಾನ್ರ?"

"ಬಿಸಿನೀರಿನ ಕುಂಡಕ್ಕ."

"ಮತ್ತ ಈ ಕಟಗಿ?"

"ನೀರು ಕಾಸಾಕ!"

ಬಸ್ಸಿನ ನಗು ಕಲ್ಯಾಣಿ ಮುಟ್ಟುವ ತನಕ ನಿಲ್ಲಲಿಲ್ಲ. (ಈಗಿನ ಬಸವಕಲ್ಯಾಣಕ್ಕೆ ಆಗ ಹಾಗೆ ಅನ್ನುತ್ತಿದ್ದರು.) ಅಲ್ಲಿಂದ ನಾಲ್ಕು ದಿನ ಎತ್ತಿನ ಬಂಡಿ. ಕಟ್ಟಿಗೆ ಆರಾಮಾಗಿ ಒಳಗೆ ಮಲಗಿ ಬಂತು, ನಾನು ಹಿಂದೆ ನಡೆದು ಬಂದೆ.

ಇಳಿದುಕೊಂಡದ್ದು ಪುಕ್ಕಟೆ ಧರ್ಮಶಾಲೆಯಲ್ಲಿ. ಚಾಪೆ ಪುಕ್ಕಟೆ, ತಗಣಿ ಪುಕ್ಕಟೆ, ಗಂಧಕದ ವಾಸನೆಯಂತೂ ಬೇಡವೆಂದರೂ ಪುಕ್ಕಟೆ. ದೊಡ್ಡಪ್ಪ ಮೊದಲ ದಿನ ಮೀಯಲೇ ಇಲ್ಲ. ಕುಂಡದ ಸುತ್ತ ಮೂರು ಸಲ ಕುಂಟುತ್ತ ಸುತ್ತಿ, ಗೋಡೆಯ ಹಿಂದೆಲ್ಲ ಇಣುಕಿ ಒಲೆ ಹುಡುಕಿದರು. ಒಲೆ ಸಿಗಲಿಲ್ಲ. "ಭಾಳ ಚಾಲಾಕ್ ಮಂದಿ. ಮುಚ್ಚಿಟ್ಟಾರ" ಎಂದರು!

ಮರುದಿನ ಮುಂಜಾನೆ ಅವರು ಅದರ ಎಡಗಡೆಗಿದ್ದ ಇನ್ನೊಂದು ಕುಂಡದ ಮೆಟ್ಟಿಲು ಇಳಿಯತೊಡಗಿದರು. ಮೇಲೆ ಹಲಗೆಯಿತ್ತು. ಓದಿ ಕೂಗಿದೆ.

"ದೊಡ್ಡಪ್ಪಾ, ಬ್ಯಾಡ್ರಿ! ಹೆಣ್ಮಕ್ಕಳ ಕುಂಡ ಅಂತ ಬರದಾರ!"

"ನಿನ್ನ ಇರವಿ ಮಾತು ಯಾರು ಕೇಳ್ತಾರೋ?"

ಉಗಿಯೊಳಗೆ ಮಾಯವಾದರು. ಮರುಕ್ಷಣ ಕಿರುಚಾಟ, ತಂಬಿಗೆಗಳ ಹಾರಾಟ! ಮೂರು ತಿಂಗಳು ಬಿಚ್ಚದ ಮೊಣಕಾಲು ಒಂದೇ ಉಸಿರಿಗೆ ಅಷ್ಟೂ ಮೆಟ್ಟಿಲು ಹತ್ತಿತು. ಬೆನ್ನ ಹಿಂದೆ ಒಬ್ಬ ಮರಾಠಿ ಮುದುಕಿ, ಕೈಯಲ್ಲಿ ತಂಬಿಗೆ, ಬಾಯಲ್ಲಿ ನಾನಿಲ್ಲಿ ಬರೆಯಲಾರದ ಮಾತು. ಹಕೀಮರ ಗಂಧಕಕ್ಕೆ ಈ ಗುಣವಿತ್ತೆ ಹೇಳಿ!

ಸಂಜೆ ದೊಡ್ಡಪ್ಪ ಅಲ್ಲಿಯ ಗುಡಿಯ ಪೂಜಾರಿಯನ್ನು ಹಲಗೆಯ ಹತ್ತಿರ ಕರೆತಂದರು. ಕೆಳಗಿನ ಮರಾಠಿ ಅವನು ಓದಬೇಕು, ಮೇಲಿನ ಉರ್ದು ನಾನು. ಇಬ್ಬರೂ ಹೇಳಿದ್ದು ಒಂದೇ. "ಅರೆ! ಬಾಯಿ ಎರಡು, ಮಾತು ಒಂದ!" ಎಂದು ನನ್ನನ್ನು ಹೊಸದಾಗಿ ನೋಡಿದರು.

ಆ ಸುದ್ದಿ ಧರ್ಮಶಾಲೆಯಲ್ಲಿ ಹರಡಿತು. ಮರುದಿನ ಬಾಗಿಲಿಗೆ ಅದೇ ಮುದುಕಿ! ದೊಡ್ಡಪ್ಪ ಕಂಬದ ಮರೆಗೆ ಸರಿದರು. ಆಕೆಯ ಕೈಯಲ್ಲಿ ಈ ಸಲ ತಂಬಿಗೆ ಇರಲಿಲ್ಲ, ಮಡಿಕೆ ಸವೆದ ಕಾಗದವಿತ್ತು. ಮಗ ಪಲ್ಟನ್ನಿನಲ್ಲಿದ್ದ. ಅಲ್ಲಿಯ ಬರಹಗಾರ ಉರ್ದುವಿನಲ್ಲಿ ಬರೆದುಕೊಟ್ಟಿದ್ದನ್ನು ಅವರ ಹಳ್ಳಿಯಲ್ಲಿ ಓದುವವರಿಲ್ಲ. ಮಗ ಇದ್ದಾನೋ ಇಲ್ಲವೋ ತಿಳಿಯದೆ, ಎರಡು ತಿಂಗಳು ಆ ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದ್ದಳು.

ನನಗೆ ಬಂದ ಹರಕುಮುರುಕು ಮರಾಠಿಯಲ್ಲಿ ಹೇಳಿದೆ: ಅವನು ಚೆನ್ನಾಗಿದ್ದಾನೆ. ಬೂಟು ಕಚ್ಚುತ್ತದಂತೆ.

ಮುದುಕಿ ಬೂಟಿನ ಮಾತಿಗೆ ನಕ್ಕಳು. ನಗುತ್ತಲೇ ನೆಲಕ್ಕೆ ಕುಸಿದು ಅತ್ತಳು. ಆಮೇಲೆ ನನ್ನ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. ಅಷ್ಟರಲ್ಲಿ ದೊಡ್ಡಪ್ಪ ಕಂಬದ ಮರೆಯಿಂದ ಹೊರಬಂದಿದ್ದರು.

ಉಳಿದ ದಿನಗಳಲ್ಲಿ ಅವರು ಮಿಂದದ್ದು ಕಡಿಮೆ. ಬಾಗಿಲಲ್ಲಿ ಕೂತು, ಕಾಗದ ಓದಿಸಲು ಬಂದವರಿಗೆಲ್ಲ, "ಸಾಲಾಗಿ ಬರ್ರಿ! ಹುಡುಗ ದಣದಾನ!" ಎಂದು ಹುಕುಂ ಕೊಟ್ಟದ್ದೇ ಹೆಚ್ಚು. ತಿರುಗಿ ಬರುವಾಗ ಬಂಡಿಯಲ್ಲಿ, ಎತ್ತಿಗೆ ಹೇಳುವಂತೆ ಹೇಳಿದರು: "ಕಾಲೇಜು ಜಲ್ದಿ ಶುರು ಆಗ್ತದಲ್ಲ? ಹೋಗು. ಅಂಗಡಿ ಎಲ್ಲಿಗಿ ಓಡಿ ಹೋಗ್ತದ?"

ಮರುವರ್ಷ ಪಾಸಾದೆ. ಪದವಿಪತ್ರ ತಂದು ಅಂಗಡಿಯಲ್ಲಿ ಅವರ ಕೈಗಿಟ್ಟೆ. ಬೆಲ್ಲ ಅಂಟಿದ ಕೈಯನ್ನು ಧೋತರಕ್ಕೆ ಒರೆಸಿ ಒರೆಸಿ ತೆಗೆದುಕೊಂಡರು.

"ಇದರಾಗ ನಿಮ್ಮಪ್ಪನ ಹೆಸರು ಅದ ಏನೋ?"

"ಅದ ದೊಡ್ಡಪ್ಪಾ. ಇಂಥವರ ಮಗ ಅಂತ ಹೆಸರು ಕೂಗಿ ಕರದು ಕೊಟ್ಟಾರ, ಹಂಗ ಬರದಾರ. ಇಲ್ಲಿ ನೋಡ್ರಿ."

ನಾನು ತೋರಿಸಿದ ಜಾಗಕ್ಕೆ ಬೆರಳಿಟ್ಟರು. ನನ್ನನ್ನು ನೋಡಲಿಲ್ಲ. ಆ ಅಕ್ಷರಗಳ ಮೇಲೆ ಬಾಗಿ ಮೆಲ್ಲಗೆ ಮಾತಾಡಿದರು.

"ತಮ್ಮಾ, ನೀ ಹೋದ ಮ್ಯಾಲ ನಿನ್ನ ಹೆಸರು ಹಿಡದು ಯಾರೂ ಕರದಿದ್ದಿಲ್ಲೋ. ನಿನ್ನ ಮಗ ಹೈದರಾಬಾದಿನಾಗ ಕರಸ್ಯಾನ ನೋಡು."