ಬೇಸ್ ಗಿಟಾರಿಗೆ ಒಬ್ಬಳೇ ಸಾಕ್ಷಿ

ಹರೆಯದಲ್ಲಿ ತಾನು ಏನೋ ಆಗಿದ್ದೆ ಎಂದು ಹೇಳಿಕೊಳ್ಳುವ ಪ್ರತಿಯೊಬ್ಬನಿಗೂ ಒಂದು ಸಾಕ್ಷಿ ಬೇಕು. ಕುಸ್ತಿ ಹಿಡಿದವನಿಗೆ ಮುದುಡಿದ ಕಿವಿ ಇರುತ್ತದೆ. ನಾಟಕದಲ್ಲಿ ಪಾರ್ಟು ಮಾಡಿದವನ ಪಡಸಾಲೆಯಲ್ಲಿ ಮೀಸೆ ಅಂಟಿಸಿಕೊಂಡ ಫೋಟೋ ಇರುತ್ತದೆ. ರಾಕ್ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ಬಾರಿಸಿದವನಿಗೆ ಮಾತ್ರ ಏನೂ ಇರುವುದಿಲ್ಲ. ಫೋಟೋದ ಅಂಚಿನಲ್ಲಿ ಅವನು ಅರ್ಧ ತೋಳಾಗಿ ಉಳಿದಿರುತ್ತಾನೆ. ಕ್ಯಾಸೆಟ್ಟಿನಲ್ಲಿ ಹುಡುಕಿದರೆ, ಟೇಪ್‌ರೆಕಾರ್ಡರಿನ ಬಡ ಸ್ಪೀಕರಿಗೆ ಅವನ ತಗ್ಗಿನ ಸ್ವರ ನಿಲುಕಿರುವುದೇ ಇಲ್ಲ. ನನಗಿದ್ದ ಸಾಕ್ಷಿ ಒಬ್ಬಳೇ, ನನ್ನ ಹೆಂಡತಿ ಶೈಲಜಾ. ಹೋದ ತಿಂಗಳು ಆ ಸಾಕ್ಷಿಯೂ ನನ್ನ ಊಟದ ತಟ್ಟೆಯ ಮುಂದೆಯೇ ಅಲುಗಾಡಿಬಿಟ್ಟಿತು.

ಮೊದಲೇ ಹೇಳಿಬಿಡುತ್ತೇನೆ, ನೆನಪನ್ನು ನಾನು ನಂಬುವುದಿಲ್ಲ. ಅಚ್ಚುಕಟ್ಟಾಗಿ ಬರುವ ನೆನಪು ಇಸ್ತ್ರಿ ಮಾಡಿಟ್ಟ ಅಂಗಿಯ ಹಾಗೆ. ತೊಟ್ಟುಕೊಂಡಾಗ ಅದು ಹಾಗಿರಲಿಲ್ಲ. ನಮ್ಮ ಬ್ಯಾಂಡಿನಲ್ಲಿ ಇದ್ದವರು ಮೂವರು: ಗಿಟಾರ್ ಹಿಡಿದು ಹಾಡುವ ಗುರುನಾಥ, ಡ್ರಮ್ ಬಡಿಯುವ ಈರಣ್ಣ, ಹಿಂದೆ ನಿಲ್ಲುವ ನಾನು. ಬ್ಯಾಂಡಿನ ಹೆಸರನ್ನು ಇಲ್ಲಿ ಬರೆಯೋಣವೆಂದು ಇಬ್ಬರಿಗೂ ಫೋನು ಮಾಡಿದೆ. ಮೂವರಿಗೆ ಮೂರು ಹೆಸರು ನೆನಪಿದೆ. ಆದ್ದರಿಂದ ಬರೆಯುತ್ತಿಲ್ಲ. ಗಿಟಾರು ತರಲು ಇಂಡಿ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಸೊಲ್ಲಾಪುರಕ್ಕೆ ಹೋದದ್ದು ಮಾತ್ರ ಮೂವರಿಗೂ ಒಂದೇ ಥರ ನೆನಪಿದೆ, ಯಾಕೆಂದರೆ ಆ ಕಥೆಯಲ್ಲಿ ನನ್ನ ಅಪ್ಪ ಇದ್ದಾನೆ.

ಅಪ್ಪ ಲಿಂಬೆಹಣ್ಣಿನ ವ್ಯಾಪಾರಿ. ಯಾವ ಸಾಮಾನನ್ನೂ ತಿರುವಿ ಮುರುವಿ ನೋಡದೆ ಒಳಗೆ ಬಿಟ್ಟುಕೊಂಡವನಲ್ಲ. ನನ್ನ ಗಿಟಾರನ್ನು ಬಾಗಿಲಲ್ಲೇ ತಡೆದು, ಗುರುನಾಥನ ಗಿಟಾರಿನ ಪಕ್ಕದಲ್ಲಿಟ್ಟು ನೋಡಿದ. "ಅವಂದಕ್ಕ ಆರ್ ತಂತಿ ಅದಾವು, ನಿಂದಕ್ಕ ನಾಕ. ಎರಡ ಎಲ್ಲೆ ಬೀಳಿಸ್ಕೊಂಡ ಬಂದಿ?" ಇದು ಇರುವುದೇ ಹೀಗೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. "ಅಂಗಡ್ಯಾಂವ ಟೊಪ್ಪಿಗಿ ಹಾಕ್ಯಾನ" ಎಂದು ಮರುದಿನ ತಾನೇ ಸೊಲ್ಲಾಪುರಕ್ಕೆ ಹೋಗಿ, ಅಂಗಡಿಯವನ ಜೊತೆ ಮಧ್ಯಾಹ್ನದವರೆಗೆ ವಾದ ಮಾಡಿ, ಎರಡು ತಂತಿ ಗೆದ್ದುಕೊಂಡು ಬಂದ. ಅವನ ಸಮಾಧಾನಕ್ಕೆ ಅವನ್ನು ಗಿಟಾರಿನ ಚೀಲದಲ್ಲಿಟ್ಟುಕೊಂಡು ನಾಲ್ಕು ತಾಲೂಕು ತಿರುಗಿದೆ.

ಆ ತಿರುಗಾಟದಲ್ಲಿ ನಾವು ಕಲಿತದ್ದು ಸಂಗೀತಕ್ಕಿಂತ ಹೆಚ್ಚಾಗಿ ಸತ್ಕಾರ. ನಮ್ಮ ಕಡೆ ಯಾವ ಕಾರ್ಯಕ್ರಮವೂ ಶಾಲು-ಹಾರವಿಲ್ಲದೆ ಮುಗಿಯುವುದಿಲ್ಲ, ಮತ್ತು ಸತ್ಕಾರಕ್ಕೆ ಅರ್ಹರಾದವರು ಯಾವ ಗಳಿಗೆಯಲ್ಲಾದರೂ ಬರಬಹುದು. ಬಸವನ ಬಾಗೇವಾಡಿಯಲ್ಲಿ ಗುರುನಾಥ ತಾರಕಕ್ಕೆ ಏರಿ ಬಾಯಿ ತೆರೆದಿದ್ದಾಗಲೇ ಯಾರೋ ಹಿರಿಯರು ಬಂದರು. ಸತ್ಕಾರಕ್ಕೆಂದು ಅವನ ಕೈಯಿಂದ ಮೈಕು ಕಿತ್ತುಕೊಂಡರು, ಬಾಯಿ ತೆರೆದೇ ಇತ್ತು. ಸಿಂದಗಿಯಲ್ಲಿ ಒಂದೇ ಹಾಡಿನ ನಡುವೆ ಇಡೀ ಸಂಘದ ಆಡಳಿತ ಮಂಡಳಿಗೆ ಹಾರ ಬಿತ್ತು. ಕೊನೆಗೆ ನಾವು ಎಲ್ಲಿ ನಿಲ್ಲಿಸಿದರೂ ಮುಗಿದಂತೆಯೇ ಕೇಳುವ ಹಾಡುಗಳನ್ನು ಕಟ್ಟಲು ಕಲಿತೆವು. ಲೋಕದ ಬೇರೆ ಯಾವ ರಾಕ್ ಬ್ಯಾಂಡಿಗೂ ಈ ವಿದ್ಯೆ ಬರುತ್ತದೆಂದು ನನಗನ್ನಿಸುವುದಿಲ್ಲ.

ಇನ್ನು ಮುದ್ದೇಬಿಹಾಳ. ಕಾಲೇಜಿನ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಬಯಲಿನಲ್ಲಿ ಪೆಂಡಾಲು, ಸಂಜೆ. ಹೊಂಬಿಸಿಲು ಇತ್ತು ಎಂದು ಬರೆಯಲು ಕೈ ಹೋಗುತ್ತಿದೆ, ಬೇಡ. ಬರೀ ಸೆಕೆ ಇತ್ತು. ಆ ದಿನ ನಾನು ಹಿಂದೆಂದೂ ಬಾರಿಸದ ಹಾಗೆ ಬಾರಿಸಿದೆ. ಈರಣ್ಣನ ಡ್ರಮ್ಮಿನ ಪಕ್ಕ ನಿಂತವನಿಗೆ ತನ್ನ ಸ್ವರ ಕಿವಿಗೆ ಬೀಳುವುದಿಲ್ಲ; ಗಿಟಾರಿನ ಮರ ಹೊಟ್ಟೆಗೆ ತಾಗಿ ನಡುಗುತ್ತದೆ, ಅಷ್ಟರಿಂದಲೇ ತಿಳಿಯಬೇಕು. ಕಣ್ಣು ಮುಚ್ಚಿಕೊಂಡಿದ್ದೆ. ಕೆಲವು ವರ್ಷಗಳ ಮೇಲೆ ನಾಲತವಾಡಕ್ಕೆ ಹೆಣ್ಣು ನೋಡಲು ಹೋದಾಗ, ಹಿರಿಯರು ಆಚೆ ಸರಿದ ಮೇಲೆ ಆ ಹುಡುಗಿ ಮೆಲ್ಲಗೆ ಕೇಳಿದಳು: "ಗ್ಯಾದರಿಂಗ್‌ನ್ಯಾಗ ಕಣ್ಣ ಮುಚ್ಚಿ ಬಾರಿಸಿದವರು ನೀವ ಅಲ್ಲರಿ? ಅವತ್ತ ನನ್ನ ಎದಿ ಗುಂ ಅಂದಿತ್ತು." ಬೇಸ್ ಗಿಟಾರಿನವನಿಗೆ ಜೀವಮಾನದಲ್ಲಿ ಒಮ್ಮೆ ಸಿಗಬಹುದಾದ ಮಾತು ಅದು. ಜಾತಕ ನೋಡಬೇಡಿರೆಂದು ಮನೆಯವರಿಗೆ ಹೇಳಿಬಿಟ್ಟೆ. ಬ್ಯಾಂಡು ಒಡೆಯಿತು, ಗುರುನಾಥ ಸಿಂದಗಿಯಲ್ಲಿ ಗಣಿತದ ಮಾಸ್ತರನಾದ, ನಾನು ಇಂಡಿಯ ಕಾಲೇಜಿನಲ್ಲಿ ಕಾಮರ್ಸ್ ಪಾಠಕ್ಕೆ ನಿಂತೆ. ನಾನು ಬರೀ ಕಾಮರ್ಸ್ ಮಾಸ್ತರನಲ್ಲ ಎಂಬುದಕ್ಕೆ ಶೈಲಜಾಳ ಆ ಒಂದು ಮಾತು ಆಧಾರವಾಗಿ ಉಳಿಯಿತು. ಬಂದ ನೆಂಟರಿಗೆಲ್ಲ ಅವಳು ಅದನ್ನು ಹೇಳುತ್ತಾಳೆ. ನಾನು ಪಕ್ಕದಲ್ಲಿ ಪೇಪರು ಓದುವವನಂತೆ ಕೂತು ಕೇಳುತ್ತೇನೆ.

ಹೋದ ತಿಂಗಳು ಈರಣ್ಣ ಮಗಳ ಲಗ್ನಪತ್ರ ಕೊಡಲು ಬಂದ. ಮನಗೂಳಿಯಲ್ಲಿ ಅವನದೀಗ ಬೀಜ-ಗೊಬ್ಬರದ ಅಂಗಡಿ. ಊಟಕ್ಕೆ ಕೂತೆವು. ಹಳೆಯ ಮಾತು ಬಂತು, ಮುದ್ದೇಬಿಹಾಳವೂ ಬಂತು. ಈರಣ್ಣ ಬದನೆಕಾಯಿ ಪಲ್ಯ ಹಚ್ಚಿಕೊಳ್ಳುತ್ತ, "ಅವತ್ತ ನಿನ್ನ ವಾಯರ್ ಕಿತ್ತಿದ್ದು ನಿನಗ ಯಾರೂ ಹೇಳೇ ಇಲ್ಲೇನೋ?" ಎಂದ.

"ಯಾವ ವಾಯರ್?"

"ನಿನ್ನ ಆಂಪ್ಲಿಫಾಯರಿಂದು. ಜನರೇಟರ್ ಲೋಡ್ ತಗೋವಲ್ದಾಗಿತ್ತು. ಲೈಟೆಲ್ಲಾ ಮಿಣಕ್ ಮಿಣಕ್ ಅನ್ನಾಕತ್ತಿದ್ವು. ಮುಖ್ಯ ಅತಿಥಿ ಬೆವತು ತೊಪ್ಪಿ ಆಗಿದ್ದ, ಮೈಮ್ಯಾಲೆ ಶಾಲು ಬ್ಯಾರೆ ಹೊಚ್ಚಿದ್ರು. ಅವಗ ಫ್ಯಾನ್ ಹಚ್ಚಬೇಕಂದ್ರ ಪ್ಲಗ್ ಎಲ್ಲೈತಿ? ಗುರುನಾಥ ಅಂದ, ಹಿಂದಿನಾಂವಂದು ಕೀಳ್ರಿ, ಹಾಡಿಗೇನೂ ಆಗಂಗಿಲ್ಲ ಅಂತ."

"ಏನೂ ಆಗಂಗಿಲ್ಲ ಅಂದನಾ?"

"ಆಗಲೂ ಇಲ್ಲಲ್ಲ."

"ನನಗ ಒಂದ ಮಾತ ಹೇಳಬೇಕಿಲ್ಲೇನು?"

"ಕಣ್ಣ ಮುಚ್ಚಿ ಬಾರಿಸಾಕತ್ತಿದ್ದಿ ಮಾರಾಯ. ಮಲಗಿದ ಕೂಸಿನ್ನ ಯಾರರ ಎಬ್ಬಸ್ತಾರೇನು?"

ಬಿಸಿ ರೊಟ್ಟಿ ಹಿಡಿದು ಬಂದಿದ್ದ ಶೈಲಜಾ ಅಲ್ಲೇ ನಿಂತಿದ್ದಳು. "ಅಣ್ಣಾರ," ಎಂದಳು, "ಹಂಗಾದ್ರ ಅವತ್ತ ನನ್ನ ಎದಿ ಗುಂ ಅಂದಿದ್ದು ಯಾತಕ್ಕರಿ?"

ಸುಳ್ಳು ಹೇಳಿ ಪಾರುಮಾಡಬಲ್ಲ ಸ್ನೇಹಿತ ಎಲ್ಲರಿಗೂ ಸಿಗುವುದಿಲ್ಲ. ಈರಣ್ಣ ತುತ್ತು ಅಗಿಯುವುದನ್ನು ನಿಲ್ಲಿಸಿ, ನಿಜವಾಗಿಯೂ ವಿಚಾರ ಮಾಡಿದ.

"ನೀವು ಎಲ್ಲೆ ಕುಂತಿದ್ರಿ ವೈನಿ?"

"ಬೇವಿನ ಗಿಡದ ಬಾಜೂಕ."

"ಮತ್ತ ಆತಲ್ಲರಿ. ಜನರೇಟರ್ ಇರಬೇಕು. ಆ ಗಿಡದ ಹಿಂದನ ಇಟ್ಟಿದ್ರು."

ಇನ್ನೊಂದು ರೊಟ್ಟಿ ಉಂಡು ಅವನು ಹೊರಟುಹೋದ. ಶೈಲಜಾ ಒಳಗೆ ಪಾತ್ರೆ ತಿಕ್ಕುತ್ತಿದ್ದಳು. ಜಗಳವಾಡಿದ್ದರೆ ನನಗೆ ಉತ್ತರ ಗೊತ್ತಿತ್ತು. ಅಟ್ಟದಿಂದ ಗಿಟಾರು ಇಳಿಸಿದೆ, ಆಂಪ್ಲಿಫಾಯರಿನ ಮೇಲಿದ್ದ ಹಪ್ಪಳದ ಡಬ್ಬಿಗಳನ್ನು ಸರಿಸಿದೆ, ಪ್ಲಗ್ಗು ಚುಚ್ಚಿ, ಚುಚ್ಚಿದೆಯೋ ಇಲ್ಲವೋ ಎಂದು ಮತ್ತೆ ಬಗ್ಗಿ ನೋಡಿದೆ. ಬೆರಳು ಸೀಮೆಸುಣ್ಣಕ್ಕೆ ಒಗ್ಗಿಹೋಗಿದ್ದವು, ತುಕ್ಕು ಹಿಡಿದ ತಂತಿ ತಾಗಿ ಉರಿಯುತ್ತಿದ್ದವು. ಆದರೂ ಮುದ್ದೇಬಿಹಾಳದ ಅದೇ ಹಾಡು ಬಾರಿಸಿದೆ. ಅಡುಗೆಮನೆಯ ಗೋಡೆಗೂಡಿನಲ್ಲಿ ಸ್ಟೀಲಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟಿದವು. ಶೈಲಜಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಿಗೆ ಒರಗಿದಳು. ಈ ಸಲ ನಾನು ಕಣ್ಣು ಮುಚ್ಚಲಿಲ್ಲ, ಅವಳು ಮುಚ್ಚಿದಳು. ಹಾಡು ಮುಗಿಯುವವರೆಗೆ ಹಾಗೆಯೇ ಇದ್ದಳು.

"ಚಲೋ ಐತ್ರಿ. ಖರೇ ಹೇಳ್ತೇನಿ, ಚಲೋ ಐತಿ," ಎಂದಳು. "ಆದ್ರ ಅವತ್ತಿಂದು ಇದಲ್ಲ."

ನಾನು ತಂತಿಯ ಮೇಲೆ ಅಂಗೈ ಇಟ್ಟು ಸದ್ದಡಗಿಸಿದೆ.

"ಹಂಗಂತ ಈಗ ಜನರೇಟರ್ ಹುಡುಕ್ಕೋಂತ ಹೋಗ್ಲೇನ್ರಿ? ಏಳ್ರಿ, ಚಹಾ ಆಗೇತಿ."

ಆ ಮಾತಿಗೆ ನಗಬೇಕೋ ಬೇಡವೋ ಎಂದು ತಿಳಿಯದೆ ಒಂದು ವಾರ ಕಳೆದೆ. ಮುಂದಿನ ಭಾನುವಾರ ತಂಗಡಗಿಯಿಂದ ಅವಳ ಅಣ್ಣನ ಮಗಳು ಮದುವೆಯ ಹೊಸತಿನಲ್ಲಿ ಗಂಡನನ್ನು ಕರೆದುಕೊಂಡು ಬಂದಳು. ಹೊಸಬರು ಬಂದರೆ ಆ ಕಥೆ ಹೊರಗೆ ಬರಲೇಬೇಕು. ನಾನು ಪೇಪರನ್ನು ಎತ್ತರಕ್ಕೆ ಹಿಡಿದೆ. ಶೈಲಜಾ ಗ್ಯಾದರಿಂಗ್ ಹೇಳಿದಳು, ಬೇವಿನ ಗಿಡ ಹೇಳಿದಳು, ಎದೆ ಗುಂ ಅಂದದ್ದನ್ನೂ ಹೇಳಿದಳು. ಗಿಡದ ಹಿಂದೆ ಏನಿತ್ತೆಂದು ಹೇಳಲಿಲ್ಲ. ಆ ಹುಡುಗಿ ನನ್ನ ಕಡೆ ತಿರುಗಿ, "ಖರೇನ ಮಾಮಾ? ಅಷ್ಟ ಜೋರ್ ಬಾರಿಸಿದ್ರಿ?" ಎಂದು ಕೇಳಿದಳು.

ನೆನಪನ್ನು ನಂಬಬಾರದೆಂದು ಮೇಲೆ ಅಷ್ಟೆಲ್ಲ ಬರೆದ ನಾನು ಪೇಪರು ಮಡಚಿ ಕೆಳಗಿಟ್ಟೆ.

"ಖರೇನವಾ," ಎಂದೆ. "ಲೈಟ ಸುದ್ದಾ ಮಿಣಕಾಕತ್ತಿದ್ವು."

ಶೈಲಜಾ ನನ್ನನ್ನು ಒಮ್ಮೆ ನೋಡಿ, ಹೌದೆಂದು ತಲೆಯಾಡಿಸಿದಳು. ಲೈಟು ಮಿಣಕಿದ್ದಂತೂ ಸತ್ಯ; ಯಾಕೆ ಮಿಣಕಿದವು ಎಂದು ಮಾತ್ರ ನಾವಿಬ್ಬರೂ ಹೇಳಲಿಲ್ಲ.